ಸಾವಿನ ದಾಖಲೆಯಲ್ಲಿ ಸಿಕ್ಕ ನೆರೆಯವರು

ಪರದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿ ಮೂರು ತಿಂಗಳು ಇದ್ದು ಬರುವುದು ನಮ್ಮಂಥ ನಿವೃತ್ತರಿಗೆ ಈಗ ಒಂದು ಯಾತ್ರೆಯೇ ಆಗಿಬಿಟ್ಟಿದೆ. ಹೋಗುವಾಗ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಟಕ ರೊಟ್ಟಿ. ಬರುವಾಗ ಚಾಕಲೇಟು ಮತ್ತು ಫೋಟೋಗಳು. 2023ರ ಬೇಸಿಗೆಯಲ್ಲಿ ನಾವಿಬ್ಬರೂ ಹಾಲೆಂಡಿನ ಉಟ್ರೆಕ್ಟ್ ಪಟ್ಟಣದಲ್ಲಿರುವ ಮಗನ ಮನೆಗೆ ಹೋಗಿಬಂದೆವು. ಗಾಳಿಗಿರಣಿ ನೋಡಿದಿರಾ, ಟ್ಯುಲಿಪ್ ಹೂವಿನ ಹೊಲ ನೋಡಿದಿರಾ ಎಂದು ಇಲ್ಲಿ ಪುಣೆಯ ಗೆಳೆಯರು ಕೇಳುತ್ತಾರೆ. ನಾವು ಹೋಗುವ ಹೊತ್ತಿಗೆ ಟ್ಯುಲಿಪ್ ಮುಗಿದಿತ್ತು. ಗಾಳಿಗಿರಣಿಯನ್ನು ರೈಲಿನ ಕಿಟಕಿಯಿಂದ ನೋಡಿದ್ದಾಯಿತು. ಉಳಿದಂತೆ ಆ ಮೂರು ತಿಂಗಳು ನಾವು ಮಾಡಿದ ಮುಖ್ಯ ಕೆಲಸವೆಂದರೆ ಸತ್ತವರ ಕಾಗದಗಳನ್ನು ಓದಿದ್ದು.

ನಮ್ಮ ಸೊಸೆ ಡಚ್ಚರ ಹುಡುಗಿ. ನಾವು ಹೋದಾಗ ಆಕೆಗೆ ಆರು ತಿಂಗಳು ತುಂಬಿತ್ತು. ಹಿಂದಿನ ವರ್ಷವಷ್ಟೇ ಆಕೆಯ ತಂದೆ ತೀರಿಕೊಂಡಿದ್ದರು. ಅವರ ಕಪಾಟಿನಲ್ಲಿ ಒಂದು ಬಿಸ್ಕೀಟಿನ ಡಬ್ಬಿ ಸಿಕ್ಕಿತ್ತಂತೆ. ಅದರೊಳಗೆ ತಲೆಗೆ ಬಿಳಿ ಟೋಪಿ ಕಟ್ಟಿಕೊಂಡ ಒಬ್ಬ ಮುದುಕಿಯ ಫೋಟೋ. ಹಿಂದೆ ಹೆಸರಿಲ್ಲ, ಊರಿಲ್ಲ. ಹುಟ್ಟುವ ಕೂಸಿಗೆ ತನ್ನ ಕಡೆಯವರು ಯಾರೆಂದು ಹೇಳಲು ತನಗೆ ಬರಬೇಕು ಎಂದು ಆಕೆಗೆ ಹಟ ಹತ್ತಿತ್ತು. ಆಕೆಯ ಸೋದರತ್ತೆ ಮಾತ್ರ, "ನಮ್ಮದು ಬಡವರ ಮನೆತನ. ಹುಡುಕಿದರೆ ಬಡತನವೇ ಸಿಗುತ್ತದೆ, ಬಿಡು" ಎಂದು ಫೋನಿನಲ್ಲಿ ಹೇಳಿ ಸುಮ್ಮನಾಗಿದ್ದರು.

ಒಂದು ಸಂಜೆ ಚಹಾ ಕುಡಿಯುತ್ತ ಕುಳಿತಾಗ ಸೊಸೆ, ಮಗನಿಂದ ಕಲಿತ ನಮ್ಮ ಕನ್ನಡದಲ್ಲೇ, "ಅತ್ತಿ, ನಿಮ್ಮ ಅವ್ವನ ಅವ್ವನ ಹೆಸರೇನ್ರಿ?" ಎಂದು ಕೇಳಿದಳು. ನಮ್ಮಾಕೆ ಬಾಯಿ ತೆರೆದವಳು ಹಾಗೆಯೇ ನಿಂತಳು. "ಎಲ್ಲಾರೂ ಆಯಿ ಅಂತಿದ್ರವಾ..." ಎಂದಳು. ನಮ್ಮ ಕಡೆಯದೂ ಅದೇ ಕಥೆ. ಗೋಕಾಕದಲ್ಲಿರುವ, ಎಂಬತ್ತು ದಾಟಿದ ಅಕ್ಕನಿಗೆ ಫೋನು ಮಾಡಿ ಕೇಳಿದೆವು. ಆಕೆ ನಕ್ಕು, "ಆಯಿಗೆ ಹೆಸರು ಯಾಕ ಬೇಕಾಗಿತ್ತೋ ತಮ್ಮಾ?" ಅಂದಳು. ನಾವೂ ನಕ್ಕೆವು. ಆದರೆ ಆ ರಾತ್ರಿ ಇಬ್ಬರಿಗೂ ಬೇಗ ನಿದ್ದೆ ಬರಲಿಲ್ಲ.

ಹಾಗೆ ನೋಡಿದರೆ ನಮ್ಮಲ್ಲಿ ವಂಶ ಹೇಳುವವರು ಇರಲಿಲ್ಲವೆಂದಲ್ಲ. ನಾವು ಚಿಕ್ಕವರಿದ್ದಾಗ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಹೆಳವ ಬರುತ್ತಿದ್ದ. ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಒಂದೇ ಉಸಿರಿನಲ್ಲಿ ಹೇಳಿ, ಜೋಳ ಅಳೆಸಿಕೊಂಡು ಹೋಗುತ್ತಿದ್ದ. ಹೆಳವ ಎಂದರೆ ಕುಂಟ ಎಂದು ನಿಘಂಟು ಹೇಳುತ್ತದೆ; ನಮ್ಮ ಆಯಿ ಮಾತ್ರ ಅವನನ್ನು 'ಹೇಳುವವ' ಎಂದೇ ಕರೆಯುತ್ತಿದ್ದಳು. ಅವನು ಹೇಳಿದ್ದರಲ್ಲಿ ನಮಗೆ ಈಗ ನೆನಪಿರುವುದು ಬರೀ ಗಂಡಸರ ಹೆಸರು. ಜೋಳ ಅಳೆದು ಹಾಕುತ್ತಿದ್ದ ಆಯಿಯ ಹೆಸರು ಅದರಲ್ಲಿ ಇತ್ತೋ ಇಲ್ಲವೋ, ನಾವು ಕಿವಿಗೊಟ್ಟು ಕೇಳಲಿಲ್ಲ.

ಇನ್ನು ಡಚ್ಚರ ಪದ್ಧತಿಗೆ ಬರೋಣ. 1810ರಲ್ಲಿ ನೆಪೋಲಿಯನ್ ಹಾಲೆಂಡನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡ. ಮರುವರ್ಷ, ಅಂದರೆ 1811ರಿಂದ, ಹುಟ್ಟು, ಮದುವೆ, ಸಾವು ಈ ಮೂರನ್ನೂ ಸರಕಾರವೇ ದಾಖಲಿಸುವ ಏರ್ಪಾಡು ದೇಶದ ಹೆಚ್ಚಿನ ಭಾಗದಲ್ಲಿ ಬಂದಿತು. ದಕ್ಷಿಣದ ಕೆಲವು ಭಾಗಗಳಲ್ಲಿ ಅದಕ್ಕೂ ಮೊದಲೇ ಇತ್ತು. ಅದಕ್ಕೆ ಹಿಂದಿನದೆಲ್ಲ ಚರ್ಚಿನ ಪುಸ್ತಕಗಳು. ನೆಪೋಲಿಯನ್ ಹೋದ, ಅವನ ಪುಸ್ತಕ ಉಳಿಯಿತು. ಪ್ರತಿಯೊಂದು ದಾಖಲೆಯನ್ನೂ ಎರಡು ಪ್ರತಿಗಳಲ್ಲಿ ಬರೆದು, ಒಂದನ್ನು ಊರಿನ ಕಚೇರಿಯಲ್ಲಿ, ಇನ್ನೊಂದನ್ನು ನ್ಯಾಯಾಲಯದಲ್ಲಿ ಇಡುತ್ತಿದ್ದರು. ಒಂದು ಸುಟ್ಟರೂ ಇನ್ನೊಂದು ಇರಲಿ ಎಂಬ ಜಾಣತನ. ಬದುಕಿರುವವರ ಗುಟ್ಟು ಕಾಯಲೆಂದು ಹುಟ್ಟಿನ ದಾಖಲೆಯನ್ನು 100 ವರ್ಷ, ಮದುವೆಯದನ್ನು 75 ವರ್ಷ, ಸಾವಿನದನ್ನು 50 ವರ್ಷ ಮುಚ್ಚಿಡುತ್ತಾರೆ. ಆಮೇಲೆ ಯಾರು ಬೇಕಾದರೂ ನೋಡಬಹುದು. ಆದ್ದರಿಂದ ಹಿರಿಯರನ್ನು ಹುಡುಕುವವರಿಗೆ ಮೊದಲು ತೆರೆಯುವ ಬಾಗಿಲು ಸಾವಿನದೇ. ಹತ್ತು ಹತ್ತು ವರ್ಷಕ್ಕೊಂದರಂತೆ ಅಕ್ಷರಾನುಕ್ರಮದ ಹೆಸರಿನ ಪಟ್ಟಿಗಳೂ ಇವೆ. ಈಗ ಬಹುಪಾಲು ಪುಟಗಳ ಚಿತ್ರ ತೆಗೆದು, ಸ್ವಯಂಸೇವಕರು ಹೆಸರುಗಳನ್ನು ಬಿಡಿಸಿ ಬರೆದು, ಮನೆಯಲ್ಲಿ ಕುಳಿತೇ ಕಂಪ್ಯೂಟರಿನಲ್ಲಿ ನೋಡುವಂತೆ ಮಾಡಿದ್ದಾರೆ.

ಸಾವಿನ ದಾಖಲೆಯೊಳಗೆ ಏನಿರುತ್ತದೆಂದು ತಿಳಿದಾಗ ನಮಗೆ ಆಶ್ಚರ್ಯವಾಯಿತು. ಸತ್ತವರ ಹೆಸರು, ವಯಸ್ಸು, ಹುಟ್ಟಿದ ಊರು, ಕಸುಬು. ಯಾವ ದಿನ, ಎಷ್ಟು ಗಂಟೆಗೆ ಪ್ರಾಣ ಹೋಯಿತು. ಗಂಡ ಅಥವಾ ಹೆಂಡತಿ ಯಾರು. ತಂದೆ ಯಾರು, ತಾಯಿ ಯಾರು. ತೊಂಬತ್ತರ ಮುದುಕ ಸತ್ತರೂ ಅವನ ತಾಯಿಯ ಹೆಸರನ್ನು ಕೇಳಿ ಬರೆಯುತ್ತಿದ್ದರು. ಇನ್ನೊಂದು ಮಾತು: ಹೆಂಗಸು ಯಾರನ್ನೇ ಮದುವೆಯಾಗಿರಲಿ, ಎಷ್ಟೇ ಮಕ್ಕಳನ್ನು ಹೆತ್ತಿರಲಿ, ದಾಖಲೆಯಲ್ಲಿ ಆಕೆಗೆ ತವರಿನ ಹೆಸರೇ. 'ಇಂಥವನ ವಿಧವೆ' ಎಂಬುದು ಆಮೇಲೆ ಬರುತ್ತದೆ. ಹೀಗೆ ಒಂದು ಸಾವಿನ ಕಾಗದ ಸಿಕ್ಕರೆ ಹಿಂದಿನ ತಲೆಮಾರಿನ ಇಬ್ಬರು ಸಿಗುತ್ತಾರೆ. ಅವರ ಸಾವಿನ ಕಾಗದ ಹುಡುಕಿದರೆ ಅದರ ಹಿಂದಿನ ನಾಲ್ವರು. ಬಾವಿಯ ಮೆಟ್ಟಿಲು ಇಳಿದಂತೆ ಇಳಿಯುತ್ತ ಹೋಗಬಹುದು. ಸಾವಿನ ಕಾರಣವನ್ನು ಮಾತ್ರ ಅದರಲ್ಲಿ ಬರೆಯುವುದಿಲ್ಲ.

ಅಡ್ಡಹೆಸರುಗಳಂತೂ ನಮಗೆ ಮನೆಯ ಮಾತಿನಂತೆ ಕಂಡವು. 1811ಕ್ಕೆ ಮೊದಲು ಉತ್ತರದ ಪ್ರಾಂತಗಳಲ್ಲಿ ಎಷ್ಟೋ ಜನಕ್ಕೆ ತಂದೆಯ ಹೆಸರೇ ಹಿಂದಿನ ಹೆಸರು. ಎಲ್ಲರೂ ಕಾಯಂ ಮನೆತನದ ಹೆಸರು ಬರೆಸಬೇಕೆಂದು ಆ ವರ್ಷ ಅಪ್ಪಣೆಯಾಯಿತು. ಮೀನು ಹಿಡಿಯುವವನು 'ವಿಸ್ಸರ್', ಕಮ್ಮಾರ 'ಸ್ಮಿತ್', ಒಕ್ಕಲಿಗ 'ಡ ಬೂರ್', ಒಡ್ಡಿನ ಮಗ್ಗುಲಲ್ಲಿ ಮನೆಯಿದ್ದವನು 'ವಾನ್ ಡೈಕ್'. 'ಬೆತ್ತಲೆ ಹುಟ್ಟಿದವನು' ಎಂಬ ಅರ್ಥದ ಅಡ್ಡಹೆಸರೂ ಆ ನಾಡಿನಲ್ಲಿದೆ ಎಂದು ಸೊಸೆ ಹೇಳಿದಾಗ ನಮಗೆ ನಗು ತಡೆಯಲಿಲ್ಲ. ನಾವೇನು ಕಡಿಮೆಯೇ? ಕಂಬಾರ, ಬಡಿಗೇರ ಇರಲಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಮನೆತನದವರು ನಮ್ಮ ಕಡೆ ಇದ್ದಾರೆಂದು ಹೇಳಿದೆವು. ಆಕೆ ಅದನ್ನು ಬರೆದುಕೊಂಡಳು.

ಹುಡುಕಾಟ ಸೊಸೆಯ ಅಜ್ಜನಿಂದ ಆರಂಭವಾಯಿತು. ಆತ ಸತ್ತದ್ದು 1970ರಲ್ಲಿ. ಆತನ ತಂದೆ ಸತ್ತದ್ದು 1951ರಲ್ಲಿ. ಆ ತಂದೆಯ ತಾಯಿ 1913ರಲ್ಲಿ, ಅರವತ್ತಮೂರರ ವಯಸ್ಸಿನಲ್ಲಿ. ಬಿಳಿ ಟೋಪಿಯ ಫೋಟೋ ಬಹುಶಃ ಆಕೆಯದೇ ಎಂದು ಸೊಸೆಯ ಎಣಿಕೆ. ಎಲ್ಲರೂ ಉತ್ತರದ ಡ್ರೆಂಟೆ ಎಂಬ ಪ್ರಾಂತದವರು, ಪೀಟ್ ಕಡಿಯುವವರು. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಗಿಡಗಂಟಿಗಳ ಕರಿಮಣ್ಣೇ ಪೀಟ್. ಅದನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ನಾವು ಕುಳ್ಳು ಉರಿಸುವಂತೆ ಒಲೆಗೆ ಉರಿಸುತ್ತಿದ್ದರು. ಮೊಣಕಾಲುದ್ದ ನೀರಿನಲ್ಲಿ ನಿಂತು ಮಾಡುವ ಕೆಲಸ. ಗಂಡಸರ ಹೆಸರಿನ ಮುಂದೆ 'ಕೂಲಿ' ಎಂದಿದೆ. ಅದೇ ಕೆಲಸದಲ್ಲಿ ಮಣ್ಣು ಒಣಗಿಸಿ ಒಟ್ಟಿದ ಹೆಂಗಸಿನ ಮುಂದೆ 'ಉದ್ಯೋಗವಿಲ್ಲ' ಎಂದಿದೆ. "ಇದು ಮಾತ್ರ ಎಲ್ಲಾ ದೇಶದಾಗೂ ಒಂದೇ ಬಿಡು" ಎಂದಳು ನಮ್ಮಾಕೆ.

ಅಸಲು ಪುಸ್ತಕಗಳನ್ನು ಕಣ್ಣಾರೆ ನೋಡಬೇಕೆಂದು ಒಂದು ದಿನ ಮೂವರೂ ರೈಲಿನಲ್ಲಿ ಡ್ರೆಂಟೆಯ ಮುಖ್ಯಪಟ್ಟಣವಾದ ಅಸೆನ್‌ಗೆ ಹೋದೆವು. ಪ್ರಾಂತದ ದಾಖಲೆಗಳ ಭಂಡಾರ ಅಲ್ಲಿದೆ. ಪೆನ್ನು ಒಳಗೆ ಒಯ್ಯುವಂತಿಲ್ಲ, ಸೀಸದ ಕಡ್ಡಿ ಮಾತ್ರ. ಕೂತವರೆಲ್ಲ ನಮ್ಮ ವಯಸ್ಸಿನವರೇ. ಯಾರಾದರೂ ಒಬ್ಬರಿಗೆ ತಮ್ಮವರು ಸಿಕ್ಕರೆ ಪಕ್ಕದವರ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವರು, ಪಕ್ಕದವರು ಸಂತೋಷಪಡುವರು.

ಅಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಸತ್ತವರಿಗಿಂತ ಹೆಚ್ಚಾಗಿ, ಸತ್ತ ಸುದ್ದಿ ಹೇಳಲು ಬಂದವರು. ಆಗಿನ ನಿಯಮದಂತೆ ಇಬ್ಬರು ಗಂಡಸರು ಕಚೇರಿಗೆ ಬಂದು ಸಾವನ್ನು ತಿಳಿಸಬೇಕಿತ್ತು. ಅವರ ಹೆಸರು, ವಯಸ್ಸು, ಕಸುಬನ್ನೂ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಹಳ್ಳಿಗಳಲ್ಲಿ ಹೀಗೆ ಬರುತ್ತಿದ್ದವರು ಬಹಳ ಸಲ ನೆರೆಯವರು. ಪೂರ್ವದ ಆ ಪ್ರಾಂತಗಳಲ್ಲಿ ನೆರೆಯವನಿಗೆ 'ನಾಬರ್' ಎನ್ನುತ್ತಾರೆ. ಮನೆಯಲ್ಲಿ ಸಾವಾದರೆ ಸುದ್ದಿ ಮುಟ್ಟಿಸುವುದು, ದೇಹ ತೊಳೆದು ಸಿದ್ಧಮಾಡುವುದು, ಹೆಣಕ್ಕೆ ಹೆಗಲು ಕೊಡುವುದು, ಎಲ್ಲವೂ ನೆರೆಯವರ ಪಾಲಿನ ಕರ್ತವ್ಯ. ದುಃಖದಲ್ಲಿದ್ದವರು ಕೂತಿರಬೇಕು, ನೆರೆಯವರು ಓಡಾಡಬೇಕು.

1866ರಲ್ಲಿ ಸೊಸೆಯ ಹಿರಿಯನೊಬ್ಬ ನಲವತ್ತೆಂಟರ ವಯಸ್ಸಿನಲ್ಲಿ ಸತ್ತಿದ್ದ. ಅದು ಹಾಲೆಂಡಿನಲ್ಲಿ ಕಾಲರಾ ಹಬ್ಬಿದ ವರ್ಷ. ಆತ ಅದರಿಂದಲೇ ಸತ್ತನೋ ಎಂದು ಕಾಗದ ಹೇಳುವುದಿಲ್ಲ. ಸುದ್ದಿ ಹೇಳಲು ಬಂದವರಲ್ಲಿ ಒಬ್ಬ ಕೂಲಿಯವನು, ವಯಸ್ಸು 34, ನೆರೆಯವನು. ಕೊನೆಯಲ್ಲಿ ಒಂದು ಸಾಲು: 'ಬರೆಯಲು ಬರುವುದಿಲ್ಲವೆಂದು ಹೇಳಿದ್ದರಿಂದ ಸಹಿ ಇಲ್ಲ.' 1889ರಲ್ಲಿ ಆ ಸತ್ತವನ ವಿಧವೆಯೂ ತೀರಿಕೊಂಡಾಗ ಸುದ್ದಿ ಹೇಳಲು ಬಂದವನು ಮತ್ತೆ ಅವನೇ. ಈಗ ಅವನಿಗೆ 57. ಈಗಲೂ ಬರೆಯಲು ಬಾರದು. ಯಾರ ವಂಶವೃಕ್ಷದಲ್ಲೂ ಜಾಗವಿಲ್ಲದ ಆ ಮನುಷ್ಯ ನಮ್ಮ ಕಣ್ಣೆದುರಿಗೇ ಮುದುಕನಾಗುತ್ತಿದ್ದ.

ನೆರೆಯವರು ಇಲ್ಲದಿದ್ದರೆ ಏನಾಗುತ್ತದೆಂಬುದನ್ನೂ ಅದೇ ದಿನ ನೋಡಿದೆವು. ಆ 1866ರವನ ತಾಯಿ 1841ರಲ್ಲಿ ವೇನ್‌ಹೌಜನ್ ಎಂಬಲ್ಲಿ ಸತ್ತಿದ್ದಳು. ಸೋದರತ್ತೆ ಬೇಡವೆಂದದ್ದು ಏಕೆಂದು ಸೊಸೆಗೆ ಆಗ ತಿಳಿಯಿತು. ನೆಪೋಲಿಯನ್ನನ ಯುದ್ಧಗಳ ನಂತರ ದೇಶದಲ್ಲಿ ಬಡತನ ಮಿತಿಮೀರಿದಾಗ, ಯೊಹಾನೆಸ್ ವಾನ್ ಡೆನ್ ಬಾಸ್ ಎಂಬ ಸೇನಾಧಿಕಾರಿ 1818ರಲ್ಲಿ ಬಡವರ ವಸಾಹತುಗಳನ್ನು ಆರಂಭಿಸಿದ. ಬಂಜರು ನೆಲವನ್ನು ಬಡವರಿಂದಲೇ ಉಳಿಸಿ ಬಡತನ ಕಳೆಯುವ ಯೋಜನೆ. 1823ರಿಂದ ವೇನ್‌ಹೌಜನ್‌ನಲ್ಲಿ ಅನಾಥರಿಗೆ, ಭಿಕ್ಷುಕರಿಗೆ, ಗತಿಯಿಲ್ಲದವರಿಗೆ ಮೂರು ದೊಡ್ಡ ಗೃಹಗಳು ಎದ್ದವು. ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಆದರೆ ಒಳಗೆ ಹೋದವರಿಗೆ ಅದು ಸೆರೆಮನೆಯೇ. ಮುಂದೆ ನಿಜವಾಗಿಯೂ ಸೆರೆಮನೆಯೇ ಆಯಿತು. ಅಲ್ಲಿಯ ಸ್ಮಶಾನಕ್ಕೆ ಜನ ಇಟ್ಟ ಹೆಸರು 'ನಾಲ್ಕನೆಯ ಗೃಹ'. 2021ರಲ್ಲಿ ಯುನೆಸ್ಕೋ ಆ ಊರನ್ನು ವಿಶ್ವ ಪರಂಪರೆಯ ತಾಣಗಳಲ್ಲಿ ಸೇರಿಸಿತು. ಆದರೂ ಹಿರಿಯರು ಅಲ್ಲಿದ್ದರೆಂದು ಹೇಳಿಕೊಳ್ಳಲು ನಾಚುವ ಮನೆಗಳು ಇನ್ನೂ ಇವೆ.

ಆಕೆಯ ಸಾವಿನ ಸುದ್ದಿ ಹೇಳಲು ಬಂದ ಇಬ್ಬರೂ ಗೃಹದ ನೌಕರರು. ತಂದೆತಾಯಿಯರ ಜಾಗದಲ್ಲಿ 'ತಿಳಿದವರಿಗೆ ಗೊತ್ತಿಲ್ಲ' ಎಂಬ ಅರ್ಥದ ಮಾತು. ಅಷ್ಟು ಜನರ ನಡುವೆ ಆಕೆಯ ತಾಯಿಯ ಹೆಸರು ಕೇಳಿಟ್ಟುಕೊಂಡವರು ಒಬ್ಬರೂ ಇರಲಿಲ್ಲ. ನಮ್ಮ ಮೆಟ್ಟಿಲು ಅಲ್ಲಿಗೆ ನಿಂತಿತು. ಊಟದ ಹೊತ್ತು ಮೀರಿದ್ದರೂ ಸೊಸೆ ಏಳಲಿಲ್ಲ. "ನನ್ನವರು ಯಾರೂ ಹೋಗಲಿಲ್ಲ" ಎಂದಳು. ಆಗ ನಮ್ಮಾಕೆ ಆಕೆಯ ಬೆನ್ನ ಮೇಲೆ ಕೈಯಿಟ್ಟು, "ನೀ ಈಗ ಬಂದೀಯಲ್ಲವಾ" ಎಂದಳು.

ಸಂಜೆ ಹೊರಡುವ ಮೊದಲು ಇನ್ನೊಂದು ಪುಟ ತೆರೆಯಿತು. ಬಿಳಿ ಟೋಪಿಯವಳ ಹೆಸರಿನಲ್ಲಿ ಹುಡುಕುವಾಗ ಸಿಕ್ಕಿದ್ದು, 1874ನೆಯ ಇಸವಿಯದು. ಸಾವಿನ ದಾಖಲೆಯೇ, ಆದರೆ ಸತ್ತವರ ಹೆಸರಿಲ್ಲ. ಹೆಸರಿನ ಜಾಗದಲ್ಲಿ 'ಲೇವನ್‌ಲೋಸ್', ಅಂದರೆ ಜೀವವಿಲ್ಲದ್ದು, ಎಂಬ ಒಂದೇ ಮಾತು. ಹೆಣ್ಣು ಕೂಸು. ಹುಟ್ಟನ್ನು ಮೂರು ದಿನದೊಳಗೆ ಬರೆಸಬೇಕಿತ್ತು. ಬರೆಸುವ ಮೊದಲೇ ಕೂಸು ಹೋದರೆ, ಅದು ಒಂದು ದಿನ ಬದುಕಿದ್ದರೂ ಸರಿ, ಸತ್ತು ಹುಟ್ಟಿತೋ ಬದುಕಿ ಸತ್ತಿತೋ ಎಂದು ನೋಡದೆ ಹೀಗೆ ಬರೆಯುತ್ತಿದ್ದರು. ಹೆಸರು ಬರೆಯುವಂತಿರಲಿಲ್ಲ. ಸುದ್ದಿ ಹೇಳಲು ಬಂದವರು ಕೂಸಿನ ತಂದೆ, ಮತ್ತು ಅದೇ ನೆರೆಯವನು, ವಯಸ್ಸು 42.

ನಮ್ಮಾಕೆ ಆ ಪುಟದ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ರೈಲಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು, ನಲವತ್ತೈದು ವರ್ಷ ನಾವು ಯಾರಿಗೂ, ಮಗನಿಗೂ ಹೇಳದ ಮಾತನ್ನು ಸೊಸೆಗೆ ಹೇಳಿದಳು. 1978ರ ಮಳೆಗಾಲ. ನಾವು ಪುಣೆಯ ಒಂದು ಹಳೆಯ ವಾಡೆಯಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಎಂಟನೆಯ ತಿಂಗಳಲ್ಲೇ, ನಡುರಾತ್ರಿ, ಆಸ್ಪತ್ರೆಗೆ ಹೋಗಲಾಗದಂಥ ಮಳೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು ಒಂಬತ್ತು ತಾಸು ಬದುಕಿತ್ತು. ನಮಗೆ ಆಗ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಗೋಡೆಗೆ ಆತು ಕೂತುಬಿಟ್ಟೆವು. ಎದುರುಮನೆಯ ಮರಾಠಿ ಕಾಕಾ ಬಂದು, ಕೂಸನ್ನು ತಮ್ಮ ಮನೆಯ ಧೋತರದಲ್ಲಿ ಸುತ್ತಿ, ಎದೆಗೆ ಹಿಡಿದುಕೊಂಡು, ಕೊಡೆಯಡಿ ಒಯ್ದರು. ಎಲ್ಲಿಗೆ ಒಯ್ದರು, ಏನು ಮಾಡಿದರು ಎಂದು ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ. ಊರಿಗೆ ಬರೆದ ಕಾಗದದಲ್ಲಿ 'ನಿಲ್ಲಲಿಲ್ಲ' ಎಂದು ಒಂದು ಶಬ್ದ ಬರೆದು ಮುಗಿಸಿದೆವು. ಕಾಕಾ ಹೋಗಿಯೂ ಈಗ ಬಹಳ ವರ್ಷವಾಯಿತು.

ಸೊಸೆ ತುಸು ಹೊತ್ತು ಸುಮ್ಮನಿದ್ದು, 2019ರಿಂದ ತಮ್ಮ ದೇಶದಲ್ಲಿ ಕಾನೂನು ಬದಲಾಗಿದೆ, ಜೀವವಿಲ್ಲದೆ ಹುಟ್ಟಿದ ಕೂಸಿನ ಹೆಸರನ್ನೂ ತಂದೆತಾಯಿ ಬಯಸಿದರೆ ಜನಸಂಖ್ಯೆಯ ನೋಂದಣಿ ಖಾತೆಯಲ್ಲಿ ತಮ್ಮ ಮಕ್ಕಳ ಸಾಲಿನಲ್ಲಿ ಬರೆಸಬಹುದು, ಎಷ್ಟು ಹಳೆಯದಾದರೂ ಸರಿ ಎಂದಳು. ಮತ್ತೆ, "ಅತ್ತಿ, ಆ ಕೂಸಿಗೆ ನೀವು ಏನ ಹೆಸರು ಇಟ್ಟಿದ್ರಿ?" ಎಂದು ಕೇಳಿದಳು. ಇಟ್ಟಿರಲಿಲ್ಲವೆಂದು ನಾವು ಹೇಳಹೊರಟಿದ್ದೆವು. ಅಷ್ಟರಲ್ಲಿ ನಮ್ಮಾಕೆ ಒಂದು ಹೆಸರು ಹೇಳಿದಳು. ಅಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ನಮಗೆ ಅದು ಗೊತ್ತೇ ಇರಲಿಲ್ಲ.

ಪುಣೆಗೆ ಮರಳಿದ ಮೇಲೆ ಒಂದು ವಿಚಾರ ತಲೆಯಲ್ಲಿ ಕೊರೆಯತೊಡಗಿತು. ನಮ್ಮಲ್ಲೂ ಜನನ ಮರಣ ದಾಖಲೆಗೆ 1969ರ ಕಾಯದೆ ಇದೆ. 21 ದಿನದೊಳಗೆ ತಿಳಿಸಬೇಕು. ನಾವಂತೂ ತಿಳಿಸಿರಲಿಲ್ಲ. ದಾಖಲೆಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ಮೂರನೆಯ ಸಲ ಹೋದಾಗ ಗುಮಾಸ್ತ ಹುಡುಗಿ ಹಳೆಯ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ತಾರೀಖು ಅದೇ. ಹೆಣ್ಣು. ವಯಸ್ಸು ಒಂಬತ್ತು ತಾಸು. ನಮ್ಮಿಬ್ಬರ ಹೆಸರು, ವಾಡೆಯ ವಿಳಾಸ. ಕೂಸಿನ ಹೆಸರಿನ ಜಾಗ ಖಾಲಿ. ತಿಳಿಸಿದವರ ಜಾಗದಲ್ಲಿ ಕಾಕಾನ ಹೆಸರು, ಮುಂದೆ 'ಶೇಜಾರಿ' ಎಂಬ ಮಾತು, ಕೆಳಗೆ ಸಹಿ. ನೆರೆಯವರು.

ಆ ಸಾಲಿನ ಫೋಟೋ ತೆಗೆದು ಸೊಸೆಗೆ ಕಳಿಸಿದೆವು. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದ್ದಳು. ಸೊಸೆ ತನ್ನ ವಂಶವೃಕ್ಷದ ದೊಡ್ಡ ಹಾಳೆಯಲ್ಲಿ ನಮ್ಮ ಮಗನ ಹೆಸರಿನ ಮೊದಲು ಅಕ್ಕನ ಹೆಸರು ಬರೆದಿದ್ದಾಳೆ. ಹಾಳೆಯ ಅಂಚಿನಲ್ಲಿ, ಯಾವ ಕೊಂಬೆಗೂ ಸೇರಿಸದೆ, ಎರಡು ಹೆಸರು ಬೇರೆ ಬರೆದಿದ್ದಾಳೆ: ಡ್ರೆಂಟೆಯ ಆ ಕೂಲಿಯವನದು, ನಮ್ಮ ಕಾಕಾನದು.

ನಮ್ಮ ಆಯಿಯ ಹೆಸರು ಮಾತ್ರ ಸಿಕ್ಕಿಲ್ಲ. ಇನ್ನು ಸಿಗುವಂತೆಯೂ ಇಲ್ಲ. ಹೇಳುವವರು ಯಾರೂ ಉಳಿದಿಲ್ಲ. ಊರು ಬಿಟ್ಟು ಬಂದ ನಮ್ಮಂಥವರ ಮನೆಬಾಗಿಲಿಗೆ ಹೆಳವ ಬರುವುದಿಲ್ಲ. ಆದ್ದರಿಂದ ಈ ಸಂಚಿಕೆ ಕೈಗೆ ಬಂದ ದಿನ, ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಯಾರಾದರೂ ಇದ್ದರೆ, ಒಂದು ಕಾಗದ ಪೆನ್ನು ಹಿಡಿದು ಅವರ ಹತ್ತಿರ ಕುಳಿತುಕೊಳ್ಳಿರಿ. ಅವರ ಅವ್ವನ ಹೆಸರು ಕೇಳಿರಿ, ಅವ್ವನ ತವರಿನ ಹೆಸರು ಕೇಳಿರಿ. ಹುಟ್ಟಿ ನಿಲ್ಲದೆ ಹೋದ ಮಕ್ಕಳನ್ನೂ ಕೇಳಿರಿ. ಮೊದಲು, "ಅದೆಲ್ಲಾ ಈಗ ಯಾಕ?" ಅಂದಾರು. ತುಸು ಹೊತ್ತು ಸುಮ್ಮನೆ ಕುಳಿತಿರಿ, ಹೇಳುತ್ತಾರೆ.